ಶೀಶೆಯ ಮೇಲಿನ ಮೂರು ಗೆರೆ

ಶ್ರಾವಣ ಶುದ್ಧ ಷಷ್ಠಿ, ಬೆಳಗಿನ ಹತ್ತು ಗಂಟೆ. ಕಲಬುರಗಿಯ ಶಹಾಬಜಾರದ ನಮ್ಮ ಮನೆಯಲ್ಲಿ ಅಕ್ಕನ ಮೂರು ವರ್ಷದ ಮಗಳು ಗೌರಿಗೆ ಎರಡನೆಯ ಸಲ ವಾಂತಿಯ ಔಷಧ ಕುಡಿಸಲು ಶೀಶೆ ಎತ್ತಿದವನು ಹಾಗೆಯೇ ನಿಂತೆ. ಶೀಶೆಗೆ ಅಂಟಿಸಿದ ಕಾಗದದ ಪಟ್ಟಿಯಲ್ಲಿ ಒಂದು ಸಲಕ್ಕೆ ಒಂದು ಗೆರೆ. ಪ್ರತಿ ಸಲ ಕುಡಿಸಿದಾಗ ಗೀಟು ಹಾಕುವ ನನ್ನ ದಿನಚರಿಯಲ್ಲಿದ್ದದ್ದು ಒಂದೇ ಗೀಟು. ಔಷಧ ಮೂರು ಗೆರೆ ಇಳಿದಿತ್ತು.

“ಕುಡಿಸಿದ್ದೆಲ್ಲಾ ಕೂಸು ಕಾರಿಕೊಂತಲ್ಲೋ, ಅದಕ್ಕ ನಾನು ಮತ್ತೊಮ್ಮೆ ಕುಡಿಸೀನಿ. ಔಷಧಕ್ಕೂ ದಫ್ತರ ಇಡ್ತೀಯೇನು?” ಎಂದು ಅಜ್ಜಿ ನಕ್ಕಳು. ಪಂಚಮಿಗೆಂದು ಕಮಲಾಪುರದಿಂದ ಬಂದಿದ್ದ ಅಕ್ಕನ ಮುಖ ಬಿಳಿಚಿತು. ಅಜ್ಜಿ ಕುಡಿಸಿದ್ದು ತಿಳಿಯದೆ ಅವಳೂ ಒಂದು ಗೆರೆ ಕುಡಿಸಿದ್ದಳು. ಗೌರಿ ತೂಕಡಿಸುತ್ತಿದ್ದಳು.

ಮಗು, ಶೀಶೆ, ದಿನಚರಿ ಮೂರನ್ನೂ ಎತ್ತಿಕೊಂಡು ದವಾಖಾನೆಗೆ ಓಡಿದೆವು. ಡಾಕ್ಟರು ಗೀಟು, ಗೆರೆ ಎರಡನ್ನೂ ನೋಡಿ, “ನಾಲ್ಕನೇದು ಹೋಗಿದ್ರ ಕಷ್ಟ ಇತ್ತು. ಕಾರಿಕೊಂಡ್ರೂ ಕೇಳಲಾರದ ಮತ್ತ ಹಾಕಬ್ಯಾಡ್ರಿ,” ಎಂದರು. ಮಗುವನ್ನು ಅಲ್ಲೇ ಇರಿಸಿಕೊಂಡು, ಕಾಸಿ ಆರಿಸಿದ ನೀರನ್ನು ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸಿದರು. ಸಂಜೆ ಐದಕ್ಕೆ ಗೌರಿ ಎದ್ದು ಕುಳಿತು ಶೇಂಗಾ ಉಂಡಿ ಕೇಳಿದಳು! ದಿನಚರಿಯನ್ನು ನನ್ನ ಕೈಯಿಂದ ಕಸಿದು ಎದೆಗೊತ್ತಿಕೊಂಡವಳು ಅಜ್ಜಿಯೇ.

ಈಗ ಕಮಲಾಪುರದಲ್ಲಿ ಅಕ್ಕನ ಅಡುಗೆಮನೆಯ ಗೋಡೆಯ ಮೇಲೆ ದಾರಕ್ಕೆ ಕಟ್ಟಿದ ಇದ್ದಿಲ ಚೂರು ತೂಗಾಡುತ್ತದೆ. ಔಷಧ ಕುಡಿಸಿದವರೇ ಅದರಿಂದ ಗೋಡೆಗೆ ಗೀಟು ಎಳೆಯಬೇಕು. ಕುಡಿಸಿದ ಕೂಡಲೇ ಮಗು ಕಾರಿಕೊಂಡರೆ ಎಷ್ಟು ಹೊತ್ತು ಕಾಯಬೇಕೆಂದು ಬಲ್ಲವರು ದಯವಿಟ್ಟು ಬರೆಯಿರಿ. ಅದಕ್ಕಾಗಿ ದಿನಚರಿಯಲ್ಲಿ ಅರ್ಧ ಪುಟ ಖಾಲಿ ಬಿಟ್ಟಿದ್ದೇನೆ.