ಸುಜಾತಾಳಿಗೆ ಸಿಗದ ಮೇಲಿನ ಮನೆ

ಸುಜಾತಾ, ಮುದ್ದೇಬಿಹಾಳದ ಆ ಮೇಲಿನ ಮನೆ ನಿನಗೆ ಸಿಗದಂತೆ ಮಾಡಿದವಳು ನಾನು. ನೀನು ಅಂದುಕೊಂಡಂತೆ ಮನೆಯೊಡತಿ ನೀಲಮ್ಮ ಅಲ್ಲ — ನಾನು. ಇಷ್ಟು ವರ್ಷ ನೀನು ಆಕೆಯನ್ನು ಬೈದಾಗಲೆಲ್ಲ ಫೋನಿನ ಈ ಕಡೆ ಹೂಂಗುಟ್ಟಿದವಳೂ ನಾನೇ.

ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ನನಗೆ ಅಲ್ಲಿಯ ಹೈಸ್ಕೂಲಿಗೆ ವರ್ಗವಾದಾಗ ನಾನೂ ನನ್ನ ಗಂಡನೂ ಮನೆ ಹುಡುಕಿ ಸೋತಿದ್ದೆವು. ಟೀಚರ್ ಎಂದರೆ ಎಲ್ಲರೂ ಖುಷಿಯಿಂದಲೇ ಬಾಗಿಲು ತೆರೆದು ತೋರಿಸುತ್ತಿದ್ದರು. ನೀರು ಯಾವಾಗ ಬರುತ್ತದೆ, ಬಟ್ಟೆ ಎಲ್ಲಿ ಒಣಹಾಕಬೇಕು, ಎಲ್ಲ ಹೇಳಿ, ಇನ್ನೇನು ಹೊರಡಬೇಕು ಎನ್ನುವಾಗ, "ನೀವು ಯಾವ ಮಂದಿರಿ?" ಎನ್ನುತ್ತಿದ್ದರು. ಬೌದ್ಧರು ಎಂದ ಕೂಡಲೇ ಅವರಿಗೆ ಯಾರೋ ಅಣ್ಣನ ಮಗ ಆ ಮನೆಗೆ ಬರುವುದು ನೆನಪಾಗುತ್ತಿತ್ತು.

ನೀಲಮ್ಮನ ಕಟ್ಟಡಕ್ಕೆ ಹೋದ ದಿನ ನನ್ನ ಮಗಳಿಗೆ ಜ್ವರ. ಹೆಗಲ ಮೇಲೆ ಮಲಗಿದ್ದಳು. ಅದೇ ಪ್ರಶ್ನೆ ಬಂತು. ಗಂಡ ಬಾಯಿ ತೆರೆಯುವ ಮೊದಲೇ ನಾನು ಅಂದುಬಿಟ್ಟೆ — "ನಾವೂ ನಿಮ್ಮ ಮಂದೀನೇರಿ."

ನೀಲಮ್ಮ ಮುಂದೆ ಏನೂ ಕೇಳಲಿಲ್ಲ. ಮಗುವಿನ ಹಣೆ ಮುಟ್ಟಿ, "ಮೈ ಸುಡಾಕತ್ತೈತಲ್ಲವಾ, ಮೊದಲ ಒಳಗ ಮಲಗಸು" ಅಂದರು.

ಆ ಓಣಿ ನೀನು ನೋಡಿದ್ದೀಯ. ಗೋಡೆಗೆ ಗೋಡೆ ಹತ್ತಿದ ಮನೆಗಳು. ಎದುರಿನವರ ಕುಕ್ಕರ್ ಕೂಗಿದರೆ ನಮ್ಮದೇ ಎಂದು ನಾನು ಅಡುಗೆಮನೆಗೆ ಓಡುತ್ತಿದ್ದೆ. ಅಷ್ಟು ಮಂದಿ ಇದ್ದೂ ಒಬ್ಬರೂ ದನಿ ಎತ್ತುತ್ತಿರಲಿಲ್ಲ. ಆ ಸದ್ದಿಲ್ಲದ ಓಣಿಯಲ್ಲಿ ನಾನು ಪಿಸುಮಾತಿನಲ್ಲಿ ಬದುಕಿದೆ. ಬುದ್ಧನ ಮೂರ್ತಿಯನ್ನು ಸೀರೆಗಳ ಹಿಂದೆ ಇಟ್ಟೆ. ನನ್ನ ತವರು ಯಂಕಂಚಿಯಿಂದ ಅವ್ವ ಬರುತ್ತೇನೆಂದರೆ, ಬೇಡ, ನಾನೇ ಬರುತ್ತೇನೆ ಎನ್ನುತ್ತಿದ್ದೆ. ಅವ್ವ ಯಾಕೆಂದು ಕೇಳಲಿಲ್ಲ — ಕೇಳಿದ್ದರೆ ಚೆನ್ನಾಗಿತ್ತೇನೋ.

ಆಗ ನೀನು ಬಂದೆ. ಸರ್ಕಾರಿ ಆಸ್ಪತ್ರೆಗೆ ನರ್ಸ್ ಆಗಿ, ಪುಟ್ಟ ಮಗಳು ಪ್ರಜ್ಞಾಳ ಕೈ ಹಿಡಿದುಕೊಂಡು. ಇಂಡಿ ಊರಿನ ಹಾಸ್ಟೆಲಿನಲ್ಲಿ ಒಂದೇ ಹಾಸಿಗೆಯಲ್ಲಿ ಮಲಗಿದವರು ನಾವು. ನಮ್ಮ ಮೇಲಿನ ಮನೆ ಖಾಲಿ ಇದೆಯೆಂದು ತಿಳಿದು ನೀನು ಕುಣಿದಾಡಿಬಿಟ್ಟೆ. "ನನಗ ಡ್ಯೂಟಿ ಇದ್ದಾಗ ಇಕಿನ್ನ ನೀ ನೋಡ್ಕೊ. ನೀ ಸಾಲಿಗೆ ಹೋದಾಗ ನಿನ್ನ ಮಗಳನ್ನ ನಾ ನೋಡ್ಕೊತೇನಿ" ಅಂದೆ. ಸಣ್ಣವರಿಬ್ಬರೂ ಆಗಲೇ ಮೆಟ್ಟಿಲ ಮೇಲೆ ಆಡುತ್ತಿದ್ದರು.

ನನಗೆ ಮಾತ್ರ ನನ್ನ ಗುಟ್ಟು ಬಯಲಾಗುವ ಹೆದರಿಕೆ. ನೀನೂ ಬೌದ್ಧಳೇ, ಆದರೆ ಏನನ್ನೂ ಮುಚ್ಚಿಡುವವಳಲ್ಲ. ನಾನು ಸೀರೆಯ ಹಿಂದೆ ಇಟ್ಟದ್ದನ್ನು ನೀನು ಬಾಗಿಲ ಎದುರಿಗೇ ಇಡುತ್ತಿದ್ದೆ.

ನೀಲಮ್ಮ ನನ್ನನ್ನು ಮಾಳಿಗೆಗೆ ಕರೆದರು. ಹಪ್ಪಳ ತಿರುವಿಹಾಕುತ್ತ, "ಆ ನರ್ಸಬಾಯಿ ನಿಮ್ಮ ಗೆಳತಿ ಅಂತಲ್ಲ, ಎಂಥ ಮಂದಿರಿ? ಮನಿ ಕೊಡ್ಲೇನು?" ಅಂದರು. ಚಲೋ ಮಂದಿ ಎನ್ನಬಹುದಿತ್ತು. ಅಷ್ಟೇ ಸಾಕಿತ್ತು. ನಾನು ಅಂದದ್ದು —

"ಅವರು ನಮ್ಮ ಮಂದಿ ಅಲ್ರಿ."

ಕೆಳಗೆ ನೀನು ಕಾಯುತ್ತಿದ್ದೆ. ಮನೆ ಬೇರೆಯವರಿಗೆ ಹೇಳಿಯಾಗಿದೆ ಎಂದು ನೀಲಮ್ಮ ನಿನಗೆ ತಿಳಿಸಿದರು. ನಿನ್ನ ಮುಖ ಬಾಡಿತು. ನಾನು ಚಹಾ ಮಾಡಿಕೊಟ್ಟು, "ಈ ಮಂದಿ ಹಿಂಗೇ, ಬಿಡು" ಎಂದೆ. ಹಾಗೆ ಹೇಳುವಾಗ ನನ್ನ ದನಿ ನಡುಗಲಿಲ್ಲ, ಸುಜಾತಾ. ಅದನ್ನು ನೆನೆದರೆ ಈಗಲೂ —

ಮುಂದಿನದು ನಿನಗೆ ಗೊತ್ತು. ಕೊನೆಗೆ ತಂಗಡಗಿಯಲ್ಲಿ ಒಂದು ಕೋಣೆ ಸಿಕ್ಕಿತು. ಅಲ್ಲಿಂದ ಬಸ್ಸು, ಹೊತ್ತಲ್ಲದ ಹೊತ್ತಿನ ಡ್ಯೂಟಿ. ಮಗುವನ್ನು ನೋಡಿಕೊಳ್ಳುವವರಿಲ್ಲದೆ ಇಂಡಿಯಲ್ಲಿ ನಿನ್ನ ಅತ್ತೆಯ ಹತ್ತಿರ ಬಿಟ್ಟೆ. ಒಮ್ಮೆ ನಿನ್ನ ಜೊತೆ ನಾನೂ ಬಂದಿದ್ದೆ. ನೀನು ಕೈ ಚಾಚಿದೆ. ಪ್ರಜ್ಞಾ ಅಜ್ಜಿಯ ಹಿಂದೆ ಅಡಗಿಕೊಂಡು, "ನೀ ಹೋಗು" ಎಂದಳು. ನೀನು ನಕ್ಕೆ. ಮರಳಿ ಬರುವಾಗ ನೀನು ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ. ನಾನು ನಿನ್ನ ಕೈ ಹಿಡಿದುಕೊಂಡಿದ್ದೆ — ಯಾವ ಧೈರ್ಯದಿಂದ ಹಿಡಿದೆನೋ.

ಬಸವನ ಬಾಗೇವಾಡಿಗೆ ವರ್ಗವಾಗಿ ಆ ಮನೆ ಬಿಡುವ ದಿನ ನೀಲಮ್ಮನಿಗೆ ಎಲ್ಲ ಹೇಳಿದೆ. ಆಕೆ ಬೆಚ್ಚಿಬೀಳಲಿಲ್ಲ.

"ನನಗ ಗೊತ್ತಿತ್ತವಾ. ನಮ್ಮ ತಮ್ಮನ ಹೇಣ್ತಿ ಯಂಕಂಚಿಯಾಕಿ, ನೀವು ಬಂದ ಹೊಸದಾಗೇ ಹೇಳಿದ್ಲು. ಕೂಸಿನ ಮಾರಿ ನೋಡಿ ಸುಮ್ನಾದೆ."

ನಾನು ಕೇಳಿಬಿಟ್ಟೆ, "ಹಂಗಾದ್ರ ಸುಜಾತಾಗೂ ಕೊಡ್ತಿದ್ರೇನ್ರಿ?"

"ಗೊತ್ತಿಲ್ಲವಾ. ಓಣ್ಯಾಗ ಏನಂದಾರು ಅನ್ನೋ ಅಂಜಿಕಿ ನನಗೂ ಇತ್ತು. ನೀವು ಒಂದ ಮಾತು ಚಲೋ ಆಡಿದ್ರ ಕೊಡ್ತಿದ್ನೇನೋ. ನೀವ ಬ್ಯಾಡ ಅಂದಂಗ ಅಂದ್ರಿ. ನನಗೂ ಹಗುರಾತು."

ಹೀಗಾಗಿ ನಿನಗೆ ಆ ಮನೆ ಸಿಗುತ್ತಿತ್ತೋ ಇಲ್ಲವೋ, ನನಗೆ ಎಂದಿಗೂ ಗೊತ್ತಾಗುವುದಿಲ್ಲ. ಸಿಗುತ್ತಿರಲಿಲ್ಲ ಎಂದುಕೊಂಡು ನಿದ್ದೆ ಮಾಡಲು ನೋಡಿದೆ. ಆಗುತ್ತಿಲ್ಲ. ಪ್ರಜ್ಞಾ ಈಗ ಕಾಲೇಜಿಗೆ ಹೋಗುತ್ತಾಳೆ. ನೀನು ಇಂಡಿಗೇ ವರ್ಗ ಮಾಡಿಸಿಕೊಂಡು ಬಂದಮೇಲೂ ಅಜ್ಜಿಯನ್ನೇ ಅವ್ವ ಎನ್ನುತ್ತಾಳಂತೆ. ಆ ವರ್ಷಗಳನ್ನು ನಾನು ಎಲ್ಲಿಂದ ತಂದುಕೊಡಲಿ?

ಇದನ್ನು ಬರೆಯುತ್ತಿರುವುದು ನಿನ್ನ ಮುಂದೆ ಬಾಯಿ ಕಟ್ಟದಿರಲಿ ಎಂದು. ಭಾನುವಾರ ಇಂಡಿಗೆ ಬರುತ್ತೇನೆ. ಕ್ಷಮಿಸು ಎನ್ನುವುದಿಲ್ಲ, ಆ ಭಾರವನ್ನೂ ನಿನ್ನ ಮೇಲೆ ಹಾಕುವುದಿಲ್ಲ. ನೀನು ಹೋಗು ಎಂದರೆ ಹೋಗುತ್ತೇನೆ. ಆದರೆ ಪ್ರಜ್ಞಾ ಮನೆಯಲ್ಲಿರಲಿ. ತಾಯಿ ತನ್ನನ್ನು ಬೇಡವೆಂದು ಬಿಟ್ಟು ಹೋದದ್ದಲ್ಲ ಎಂದು ಅವಳಿಗೆ ನಾನೇ ಹೇಳಬೇಕು.