ಕಡಲೆಕಾಯಿ ಚೀಲದ ಹಿಂದೆ ಒಂದು ದಿನ

ಐವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಯಗಟಿ, ಹಿರೇನಲ್ಲೂರು, ಅಜ್ಜಂಪುರದ ಕಡೆಯ ರೈತರ ಕಡಲೆಕಾಯನ್ನು ಕಡೂರಿನ ಒಂದು ಎಣ್ಣೆ ಗಿರಣಿಗೆ ಕೊಡಿಸುವ ದಲ್ಲಾಳಿಯಾಗಿದ್ದೆ. ಓದು ಬೇಗ ನಿಂತಿತ್ತು. ಎದುರಿನವನ ಮುಖ ನೋಡಿ ಬೆಲೆ ಹೇಳುವುದನ್ನು ಸಂತೆಯೇ ಕಲಿಸಿತ್ತು.

ಒಂದು ಸುಗ್ಗಿಯಲ್ಲಿ ಗಿರಣಿಯ ಗೇಟಿನಿಂದ ರಸ್ತೆಯವರೆಗೂ ಗಾಡಿಗಳು ನಿಲ್ಲತೊಡಗಿದವು. ಬೆಳಿಗ್ಗೆ ಬಂದ ರೈತ ದೀಪ ಹಚ್ಚುವ ಹೊತ್ತಾದರೂ ಬಿಡುಗಡೆಯಾಗದೆ, ಮುಂದಿನ ಸಲ ತರೀಕೆರೆಯ ಗಿರಣಿಗೇ ಗಾಡಿ ಹೊಡೆಯುತ್ತೇನೆಂದು ಬೈದು ಹೋಗುತ್ತಿದ್ದ. ಗಿರಣಿಯ ಯಜಮಾನರು ತಮ್ಮ ಕೋಣೆಯ ಕಿಟಕಿಯಿಂದ ನೋಡಿದಾಗಲೆಲ್ಲ ತೂಕದವನು ತಕ್ಕಡಿಯ ಪಕ್ಕ ಸುಮ್ಮನೆ ಕೂತಿರುತ್ತಿದ್ದ. ಅವನು ಅಜ್ಜಂಪುರದವನು, ಮನೆ ತುಂಬ ಮಕ್ಕಳು, ಬೇರೆ ಕಸುಬು ಗೊತ್ತಿಲ್ಲ.

“ಈ ಸೋಮಾರೀನ ನಾಳೆ ಸಂಜೆ ಮನೆಗೆ ಕಳಿಸ್ತೀನಿ ಕಣಯ್ಯ” ಅಂದರು ಯಜಮಾನರು.

ನನಗೆ ಒಪ್ಪಿಗೆಯಾಗಲಿಲ್ಲ. ಅದಕ್ಕಿಂತ ಹೆಚ್ಚಾಗಿ ಕುತೂಹಲ ಹುಟ್ಟಿತು. ಇಷ್ಟು ವರ್ಷ ಗೇಟಿನವರೆಗೆ ಮಾಲು ತಂದವನು, ಒಳಗೆ ಅದು ಎಲ್ಲೆಲ್ಲಿ ಸುತ್ತುತ್ತದೆಂದು ನೋಡಿರಲೇ ಇಲ್ಲ.

“ಸ್ವಲ್ಪ ತಡೀರಿ ಯಜಮಾನ್ರೇ. ನಾಳೆ ಒಂದು ಚೀಲ ಹಿಡ್ಕಂಡು ಅದು ಹೋದಲ್ಲೆಲ್ಲ ಹೋಗ್ತೀನಿ.”

“ಚೀಲದ ಹಿಂದೆ ಸುತ್ತಕ್ಕೆ ನೀನೇನು ಹೆಗ್ಗಣವೇನೋ?” ಎಂದು ನಕ್ಕರು. ಬೇಡ ಎನ್ನಲಿಲ್ಲ.

ಮರುದಿನ ಯಗಟಿಯ ಗಾಡಿಯಿಂದ ಇಳಿದ ಒಂದು ಚೀಲದ ಬೆನ್ನು ಹತ್ತಿದೆ. ಅದು ಹೋದ ದಾರಿಯನ್ನು ಗೋದಾಮಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚುತ್ತ ಹೋದೆ. ಕಾಯಿ ಆರಿಸುತ್ತಿದ್ದ ಹೆಂಗಸೊಬ್ಬಳು ಕೇಳಿದಳು: “ಏನಣ್ಣಯ್ಯ, ರಂಗೋಲಿ ನೀನೇ ಹಾಕ್ತಿದ್ದೀಯಲ್ಲ, ಅತ್ತಿಗೆ ತವರಿಗೆ ಹೋಗವ್ರಾ?”

ತಕ್ಕಡಿಯಲ್ಲಿ ಚೀಲ ನಿಲ್ಲಲೇ ಇಲ್ಲ, ತೂಕದವನ ಕೈ ಅಷ್ಟು ಚುರುಕು. ಆಮೇಲೆ ರಾಶಿಯ ಹತ್ತಿರ ಹೋಗಿ ಕೂತಿತು ನೋಡಿ, ಅಲ್ಲಾಡಲಿಲ್ಲ.

“ಯಾಕಪ್ಪಾ ಸುರೀತಿಲ್ಲ?” ಎಂದು ಹಮಾಲಿಯನ್ನು ಕೇಳಿದೆ.

“ಯಜಮಾನ್ರು ಊಟಕ್ಕೆ ಹೋಗವ್ರೆ. ಅವರು ಬಂದು ಒಂದು ಕಾಯಿ ಅಗೀದೆ ಸುರಿಯಂಗಿಲ್ಲ.”

ಹಿಂದೊಮ್ಮೆ ಯಗಟಿಯ ಕೆಂಪು ಮಣ್ಣಿನ ಕಾಯಿಯೂ ಅಜ್ಜಂಪುರದ ಕಪ್ಪು ಮಣ್ಣಿನ ಕಾಯಿಯೂ ಒಂದೇ ರಾಶಿಗೆ ಬಿದ್ದು, ಎಣ್ಣೆ ಕದಡಿ ವಾಪಸು ಬಂದಿತ್ತಂತೆ. ಅಂದಿನಿಂದ ಯಜಮಾನರೇ ಅಗಿದು, ಯಾವ ರಾಶಿಯೆಂದು ಹೇಳಬೇಕು. ಆದರೆ ಊಟವಾದ ಮೇಲೆ ಅವರಿಗೆ ನಿದ್ದೆ. ನಿದ್ದೆಯಾದ ಮೇಲೆ ಎಣ್ಣೆ ಡಬ್ಬಿ ಏರಿಸುವುದನ್ನು ನೋಡಲು ರೈಲ್ವೆ ಸ್ಟೇಷನ್ನು. ಸುರಿಯದೆ ಚೀಲ ಖಾಲಿಯಾಗುವುದಿಲ್ಲ. ತನ್ನ ಖಾಲಿ ಚೀಲ ಕೈಗೆ ಸಿಗದೆ ಯಾವ ರೈತನೂ ಗಾಡಿ ಹೊರಡಿಸುವುದಿಲ್ಲ. ಗಾಡಿ ಕದಲದೆ ಹಿಂದಿನ ಗಾಡಿ ತಕ್ಕಡಿಗೆ ಬರುವಂತಿಲ್ಲ. ತೂಕದವನು ಕೂರದೆ ಇನ್ನೇನು ಮಾಡಿಯಾನು?

ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಇದನ್ನೇ ಹೇಳುತ್ತೇನೆ: ಕೆಲಸ ಎಲ್ಲಿ ಸಿಕ್ಕಿಕೊಂಡಿದೆಯೆಂದು ಕಿಟಕಿಯಿಂದ ನೋಡಿ ಹೇಳಬೇಡಿ, ಮಾಲಿನ ಜೊತೆ ನಡೆಯಿರಿ. ಇನ್ನೊಂದು ಮಾತು. ಕಂಡದ್ದನ್ನು ದೊಡ್ಡವರಿಗೆ ನೀವಾಗಿ ಹೇಳಬೇಡಿ, ಅವರ ಬಾಯಿಂದಲೇ ಹೊರಡಿಸಿ.

ಸಂಜೆ ಯಜಮಾನರನ್ನು ಗೋದಾಮಿಗೆ ಕರೆದೆ. ಗೆರೆಯ ಜೊತೆಗೇ ನಡೆದು ಬಂದವರು ರಾಶಿಯ ಹತ್ತಿರ ನಿಂತರು.

“ಇದ್ಯಾವುದೋ ದಪ್ಪ ಸೊನ್ನೆ?”

“ಚೀಲ ಕಾದ ಜಾಗ.”

“ಯಾರನ್ನ ಕಾಯ್ತಿತ್ತು?”

ಹಮಾಲಿಗಳು ಸೂರು ನೋಡಿದರು.

“ನನ್ನನ್ನಾ?” ಅಂದರು ಯಜಮಾನರು. “ಹಂಗಾದ್ರೆ ನನ್ನೇ ಕೆಲಸದಿಂದ ತೆಗೀಬೇಕು ಅಂತೀಯ?”

“ನಿಮ್ಮನ್ನಲ್ಲ, ನಿಮ್ಮ ಕುರ್ಚೀನ. ಗೇಟಿನ ಹತ್ರ ಹಾಕಿಸಿ. ಗಾಡಿ ಒಳಗೆ ಬರೋವಾಗ್ಲೇ ಅಗಿದು ಕೆಂಪೋ ಕಪ್ಪೋ ಹೇಳಿಬಿಡಿ. ನೀವು ಇಲ್ಲದಾಗ ತೂಕದವನು ಅಗೀಲಿ. ಕಪ್ಪು ಮಣ್ಣಿನ ಕಾಯಿ ತಿಂದೇ ಬೆಳೆದೋನು ಅವನು.”

“ನನ್ನ ನಾಲಿಗೆಯೂ ಅವನ ನಾಲಿಗೆಯೂ ಒಂದೇ ಏನೋ?” ಎಂದು ಗದರಿ ಹೊರಟೇ ಹೋದರು. ಚೌಕಾಸಿ ಮುರಿಯಿತು ಅಂದುಕೊಂಡೆ.

ತನ್ನ ಕೆಲಸ ಹೋಯಿತೆಂಬ ಸುದ್ದಿ ಮುಟ್ಟಿದ್ದರಿಂದ ತೂಕದವನು ಮರುದಿನ ಕೆಲಸಕ್ಕೆಂದು ಬರಲಿಲ್ಲ. ಹೇಳಿ ಹೋಗಲು ಬಂದು, ಟವೆಲ್ಲು ಹಿಂಡುತ್ತ ಗೇಟಿನಾಚೆ ನಿಂತ. ಒಳಗಡೆ, ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಯಜಮಾನರು ಕೂತಿದ್ದರು. ಬಾಯಿ ತುಂಬ ಕಾಯಿ.

“ಲೇ, ಅಲ್ಲೇನು ನಿಂತಿದ್ದೀಯ? ನಾನು ಸ್ಟೇಷನ್ನಿಗೆ ಹೋಗಬೇಕು” ಅಂದರು. “ಆ ಎಲೆ ಅಡಿಕೆ ಉಗುಳಿ, ಬಾಯಿ ಮುಕ್ಕಳಿಸ್ಕಂಡು ಬಾ.”