ಸುಳಿ ಮುಟ್ಟಿದ ಕತ್ತರಿ

ಕತ್ತರಿಯಣ್ಣನ ಕೈ ಎಂದಾದರೂ ಸುಮ್ಮನಿದ್ದದ್ದುಂಟೇ? ಕ್ಷೌರದಂಗಡಿಗೆ ಬಂದವರ ತಲೆ ಸರಿಯಪ್ಪ, ಬೀದಿಯಲ್ಲಿ ಮಾತಿಗೆ ನಿಂತವರ ಕಿವಿಯ ಹಿಂದಿನ ಕೂದಲೂ ಅವನ ಕಣ್ಣಿಗೆ ಚುಚ್ಚುತ್ತಿತ್ತು. ಅಂಗಿಯ ಜೇಬಿನಲ್ಲಿ ಒಂದು ಸಣ್ಣ ಕತ್ತರಿ ಸದಾ ಇರಲೇಬೇಕು. ಹಿತ್ತಲು ಮಾತ್ರ ಹೆಂಡತಿಯದು. ಬದನೆ, ಬೆಂಡೆ, ಟೊಮೆಟೊ, ಬಚ್ಚಲ ಬಾಗಿಲ ಪಕ್ಕ ಒಡೆದ ಬಕೆಟ್ಟಿನಲ್ಲಿ ನಿಂಬೆಹುಲ್ಲು, ಎಲ್ಲವೂ ಅವಳ ಕೈಯಲ್ಲೇ ಬೆಳೆದವು.

ಅವಳು ಹಾಸಿಗೆ ಹಿಡಿದ ಮೇಲೆ ಹಿತ್ತಲು ಇವನ ಪಾಲಿಗೆ ಬಂತು. ಕಾಯಿಲೆ ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ತಟ್ಟೆ ಕಂಡರೆ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ನಿಂಬೆಹುಲ್ಲಿನ ಒಂದು ಎಲೆಯನ್ನು ಅಂಗೈಯಲ್ಲಿ ಉಜ್ಜಿ ಮೂಸಿದರೆ ಮಾತ್ರ ನಾಲ್ಕು ತುತ್ತು ಒಳಗೆ ಹೋಗುತ್ತಿತ್ತು.

“ಸುತ್ತಿನ ಎಲೆ ಮಾತ್ರ ಕೀಳ್ರಿ. ಒಳಗಿನ ಸುಳಿ ಮುಟ್ಟಬೇಡಿ,” ಎಂದಿದ್ದಳು.

ಮಹಾರಾಯ ಕಿವಿಗೆ ಹಾಕಿಕೊಳ್ಳಬೇಕಲ್ಲ! ಕೆದರಿದ ತಲೆಯ ಹಾಗೆ ನಿಂತಿದ್ದ ಆ ಪೊದೆಯನ್ನು ನೋಡಿ ನೋಡಿ ತಡೆಯಲಾರದೆ, ಒಂದು ರಜೆಯ ದಿನ ಬುಡದವರೆಗೂ ಕತ್ತರಿಸಿಬಿಟ್ಟ. ಕೂದಲಿನ ಹಾಗೆ ಇದೂ ದಟ್ಟವಾಗಿ ಬರುತ್ತದೆಂದು ಅವನ ಎಣಿಕೆ. ಬೇಗ ಬರಲೆಂದು ಹೊತ್ತುಹೊತ್ತಿಗೆ ನೀರೂ ಹುಯ್ದ. ಕತ್ತರಿಸಿಟ್ಟ ಎಲೆ ಮುಗಿಯುವ ಹೊತ್ತಿಗೆ ಬುಡ ಕೊಳೆತು ನಾರುತ್ತಿತ್ತು. ಮಾರುಕಟ್ಟೆ, ಅಕ್ಕಪಕ್ಕದ ಹಿತ್ತಲು, ಎಲ್ಲಿ ಹುಡುಕಿದರೂ ಒಂದೆಸಳು ಸಿಗಲಿಲ್ಲ.

ಯಾವ ಮುಖ ಹೊತ್ತುಕೊಂಡು ಅವಳಿಗೆ ಹೇಳುವುದು? ಗಡ್ಡ ಹೆರೆದ ಮೇಲೆ ಗಿರಾಕಿಗಳಿಗೆ ಹಚ್ಚುವ ನಿಂಬೆ ಲೋಷನ್ನನ್ನು ಬೇಲಿಯ ಹುಲ್ಲಿಗೆ ಸವರಿ ತಂದುಕೊಟ್ಟ. ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿದಳು.

“ನನ್ನ ಹುಲ್ಲು ಸತ್ತೋಯ್ತಾ?”

“ಕತ್ತರಿ ಹಾಕ್ಬಿಟ್ಟೆ ಕಣೇ. ಚೆನ್ನಾಗಿ ಬರುತ್ತೆ ಅಂದ್ಕೊಂಡೆ...” ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟ.

“ಅಯ್ಯೋ, ಗಿಡಾನೂ ಬಿಡ್ಲಿಲ್ವಲ್ರೀ ನೀವು!” ನಗಲು ಹೋಗಿ ಕೆಮ್ಮಿದಳು. “ಹೋಗ್ಲಿ, ಇದನ್ನೇ ತನ್ನಿ. ದಿನಾ ಸಂಜೆ ನೀವು ಮನೆಗೆ ಬಂದಾಗ ಇದೇ ವಾಸನೆ ತಾನೆ ಬರ್ತಿತ್ತು.”

ಅವನ ಸಮಾಧಾನಕ್ಕೆ ಒಂದು ತುತ್ತು ಬಾಯಿಗಿಟ್ಟುಕೊಂಡಳು. ಅವನು ಆಚೆ ಹೋದನೆಂದುಕೊಂಡು ಅದನ್ನು ಮಗಳು ಹಿಡಿದ ಬಟ್ಟಲಿಗೆ ಉಗುಳಿದಳು. ಅವನು ಬಾಗಿಲ ಸಂದಿಯಲ್ಲೇ ನಿಂತು ನೋಡುತ್ತಿದ್ದ.

ಅವಳು ತೀರಿಕೊಂಡ ಕೆಲವು ದಿನಗಳಿಗೆ, ಎಸೆದುಬಿಡೋಣವೆಂದು ಬಕೆಟ್ ಎತ್ತಿದ. ಕೊಳೆತ ಬುಡದ ಅಂಚಿನಲ್ಲಿ ಒಂದು ಹಸಿರು ಸುಳಿ!

“ಈಗ ಬಂದ್ಯಾ? ಈಗ ಯಾರಿಗೋಸ್ಕರ ಬಂದೆ?” ಎಂದು ಬೈದ. ಬೈದವನು ಬಕೆಟ್ಟನ್ನು ಮತ್ತೆ ಅಲ್ಲೇ ಇಟ್ಟ.

ಈಗ ಆ ಹುಲ್ಲು ಬಚ್ಚಲ ಬಾಗಿಲಿಗೇ ಅಡ್ಡ ಬೆಳೆದಿದೆ. ಒಳಗೆ ಹೋಗಬೇಕಾದರೆ ಮೈಕೈ ತರಚಿಸಿಕೊಳ್ಳಲೇಬೇಕು.

“ಸ್ವಲ್ಪ ಕತ್ತರಿಸಬಾರ್ದೇನಪ್ಪಾ?” ಎನ್ನುತ್ತಾಳೆ ಮಗಳು.

“ಕತ್ತರಿ ಅಂಗಡೀಲೇ ಉಳಿದುಬಿಟ್ಟಿದೆ ಮಗಾ,” ಎನ್ನುತ್ತಾನೆ, ಜೇಬಿನ ಮೇಲೆ ಕೈ ಮುಚ್ಚಿಕೊಂಡು.